ಬಿಡಬೇಡ ಎನ್ನುವವರ ನಡುವೆ ಬಿಟ್ಟದ್ದು

"ಎಷ್ಟನೇ ದಿನ?"

"ಎಂಟು."

"ಸರಿ. ಶೂ ಹಾಕ್ಕೋ."

2024ರ ಜನವರಿ 21, ಭಾನುವಾರ. ಬೆಳಿಗ್ಗೆ ಆರೂಮುಕ್ಕಾಲು. ತುರಹಳ್ಳಿ ಕಾಡಿನ ಬಂಡೆಗಳಿಗೆ ಇನ್ನೂ ಬಿಸಿಲು ತಾಗಿರಲಿಲ್ಲ. ಕೇಳಿದವರು ಬನಶಂಕರಿ ಎರಡನೇ ಹಂತದಲ್ಲಿ ಮನೆ ಇರುವ, ಬ್ಯಾಂಕಿನಲ್ಲಿ ಕೆಲಸ ಮಾಡುವ, ಬಂಡೆ ಹತ್ತುವ ನಮ್ಮ ಗುಂಪಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ 'ಅಕ್ಕ' ಎಂದೇ ಕರೆಯುವ ಒಬ್ಬರು. ಶಹಬ್ಬಾಸ್ ಎನ್ನಲಿಲ್ಲ, ಬೆನ್ನು ತಟ್ಟಲಿಲ್ಲ. ಹಾಲು ಬಂತಾ ಎಂದು ಕೇಳುವ ದನಿಯಲ್ಲಿ ಕೇಳಿ, ಉತ್ತರ ಕೇಳಿಸಿಕೊಂಡು, ಬೆನ್ನ ಮೇಲೆ ಹೊತ್ತು ತಂದಿದ್ದ ಕ್ರ್ಯಾಶ್ ಪ್ಯಾಡನ್ನು, ಅಂದರೆ ಬೀಳುವವರಿಗೆಂದು ಹಾಸುವ ದಪ್ಪ ಹಾಸನ್ನು, ಬಂಡೆಯ ಬುಡದಲ್ಲಿ ಬಿಚ್ಚಿ ಹಾಸತೊಡಗಿದರು. ಹದಿನೇಳು ವರ್ಷ ಸೇದಿದ ಸಿಗರೇಟನ್ನು ಬಿಟ್ಟು ಎಂಟು ದಿನವಾಗಿದ್ದ ನನಗೆ ಆ ಬೆಳಿಗ್ಗೆ ಬೇಕಾಗಿದ್ದದ್ದು ಅಷ್ಟೇ. ಮನೆಯಲ್ಲಿ, ಆಫೀಸಿನಲ್ಲಿ ಎಲ್ಲರೂ ನನ್ನನ್ನು ಜ್ವರ ಬಂದವನಂತೆ ನೋಡುತ್ತಿದ್ದರು. ಇಲ್ಲಿ ಮಾತ್ರ ನಾನು ಶೂ ಹಾಕಿಕೊಳ್ಳಬೇಕಾದ ಇನ್ನೊಬ್ಬ.

ಬಂಡೆ ಹತ್ತುವವರ ಬಾಯಲ್ಲಿ ಒಂದು ಬೆಳಿಗ್ಗೆಗೆ ನೂರು ಸಲ ಬರುವ ಮಾತು 'ಬಿಡಬೇಡ'. ಮೇಲೆ ಒಬ್ಬ ಬೆರಳ ತುದಿಯಲ್ಲಿ ನೇತಾಡುತ್ತಿರುತ್ತಾನೆ, ಕೆಳಗೆ ನಾಲ್ಕು ಜನ ಕೈ ಚಾಚಿಕೊಂಡು ನಿಂತು ಕೂಗುತ್ತಿರುತ್ತಾರೆ: ಬಿಡಬೇಡ, ಉಸಿರಾಡು, ಕಾಲ್ ನೋಡು ಕಾಲು, ಆಗತ್ತೆ ಗುರು. ಆ ದಿನಗಳಲ್ಲಿ ನನಗೆ ಒಂದು ವಿಷಯ ಬಹಳ ಕಾಡಿತು. ಕನ್ನಡದಲ್ಲಿ ಚಟದ ಮಾತೂ ಬಂಡೆಯ ಮಾತೂ ಅವೇ ಮೂರು ಕ್ರಿಯಾಪದಗಳ ಮೇಲೆ ನಿಂತಿವೆ. ಚಟ ಹಿಡಿಯುತ್ತದೆ, ಚಟಕ್ಕೆ ಬೀಳುತ್ತೇವೆ, ಚಟ ಬಿಡುತ್ತೇವೆ. ಬಂಡೆಯಲ್ಲೂ ಹಿಡಿಯುವುದು, ಬೀಳುವುದು, ಬಿಡುವುದೇ. ಬಂಡೆಯನ್ನು ಬಿಡಬಾರದು, ಚಟವನ್ನು ಬಿಡಬೇಕು ಎಂಬುದಷ್ಟೇ ವ್ಯತ್ಯಾಸ. ಬೀಳುವ ವಿಷಯದಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಅದನ್ನು ನಾನು ಕಲಿತದ್ದು ನಲವತ್ತೊಂದನೇ ದಿನ; ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲ ಸಿಗರೇಟು ಹಚ್ಚಿದ್ದು 2007ರಲ್ಲಿ, ಬಿಟಿಎಂ ಲೇಔಟ್ ಎರಡನೇ ಹಂತದಲ್ಲಿ ಮೂವರು ಸೇರಿ ಮಾಡಿದ್ದ ಬಾಡಿಗೆ ಮನೆಯ ಟೆರೇಸಿನ ಮೇಲೆ. ಪಿರಿಯಾಪಟ್ಟಣದ ಕಡೆಯವನು ನಾನು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಸೀಮೆಯಲ್ಲಿ ಹುಟ್ಟಿದವರಿಗೆ ಹೊಗೆಸೊಪ್ಪು ಹೊಸದಲ್ಲ. ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು ನಮ್ಮೂರುಗಳ ಹೊಲದ್ದು. ಬ್ಯಾರನ್‌ನಲ್ಲಿ ಎಲೆ ಕಟ್ಟಿ ತೂಗುಹಾಕಿ, ಸೌದೆಯ ಬೆಂಕಿಯನ್ನು ಹಗಲೂ ರಾತ್ರಿ ಕಾಯುತ್ತಾ ಹದ ಮಾಡುವ ಸೋದರಮಾವನ ಪಕ್ಕದಲ್ಲಿ ನಾನು ಶಾಲೆಯ ಮಗ್ಗಿ ಓದಿದವನು. ತಂಬಾಕು ಮಂಡಳಿಯ ಹರಾಜಿನಲ್ಲಿ ಒಳ್ಳೆಯ ದರ ಸಿಕ್ಕ ವರ್ಷ ನನಗೆ ಹೊಸ ಬ್ಯಾಗು ಬರುತ್ತಿತ್ತು. ಆ ಬೆಳೆಯ ಬಗ್ಗೆ ನಾಲ್ಕು ಕಟುಮಾತು ಬರೆಯುವುದು ನನಗೆ ಸುಲಭವಲ್ಲ. ಅದನ್ನು ಬೆಳೆದವರು ನಮ್ಮನ್ನು ಬೆಳೆಸಿದರು.

ದಕ್ಷಿಣ ಬೆಂಗಳೂರಿನಲ್ಲಿ ಸೇದುವವನಿಗೆ ತಾಣಗಳಿಗೇನು ಕೊರತೆ. ಜಯನಗರ ನಾಲ್ಕನೇ ಬ್ಲಾಕಿನ ಹಿಂಬದಿ ರಸ್ತೆಗಳು, ಜೆ.ಪಿ. ನಗರದ ಕಾಂಡಿಮೆಂಟ್ಸ್ ಅಂಗಡಿಗಳ ಮುಂದಿನ ಮರದ ನೆರಳು, ದಾರದಲ್ಲಿ ಕಟ್ಟಿ ನೇತುಹಾಕಿದ ಲೈಟರು, ಗಾಜಿನ ಲೋಟದಲ್ಲಿ ಅರ್ಧ ಟೀ. ಬಿಡಿ ಸಿಗರೇಟು ಮಾರುವುದನ್ನು ಕರ್ನಾಟಕ ಸರ್ಕಾರ 2017ರಲ್ಲೇ ನಿಷೇಧಿಸಿತು. ಸಾರ್ವಜನಿಕ ಜಾಗದಲ್ಲಿ ಸೇದಬಾರದೆಂಬ ನಿಯಮ 2008ರ ಅಕ್ಟೋಬರ್ 2ರಿಂದ ದೇಶವಿಡೀ ಇದೆ. 2025ರಲ್ಲಿ ನಮ್ಮ ರಾಜ್ಯ ದಂಡವನ್ನು 200ರಿಂದ 1000 ರೂಪಾಯಿಗೆ ಏರಿಸಿ, ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಹೆಚ್ಚಿಸಿತು. ಇವೆಲ್ಲ ಬೇಕಾದ ನಿಯಮಗಳೇ. ಆದರೆ ನಾನು ಹದಿನೇಳು ವರ್ಷ ಕೊಂಡದ್ದು ಹೆಚ್ಚಾಗಿ ಒಂದೊಂದೇ ಸಿಗರೇಟು, ಮತ್ತು ಒಮ್ಮೆಯೂ ಒಂಟಿಯಾಗಿ ಕೊಳ್ಳಲಿಲ್ಲ. "ಬಾ ಮಗಾ, ಒಂದು ದಮ್ ಹೊಡ್ಕೊಂಡು ಬರಣ" ಎನ್ನುವ ಒಬ್ಬ ಯಾವಾಗಲೂ ಜೊತೆಗಿದ್ದ. ಚಟಕ್ಕೆ ಅಷ್ಟೊಂದು ಜೊತೆ, ಬಿಡುವಾಗ ಮಾತ್ರ ಒಬ್ಬನೇ ಹಲ್ಲು ಕಚ್ಚಿ ಬಿಡಬೇಕು. ಈ ಲೆಕ್ಕ ಎಲ್ಲೋ ತಪ್ಪಿದೆ ಎಂದು ನನಗೆ ಹೊಳೆಯಲು ಬಂಡೆಯೇ ಬೇಕಾಯಿತು.

ಬಂಡೆಗೆ ಬಂದದ್ದು ಆಕಸ್ಮಿಕವಾಗಿ. ನನ್ನ ಸ್ವಂತ ಅಕ್ಕನ ಮಗನಿಗೆ ರಜೆಯಲ್ಲಿ ಏನಾದರೂ ಕಲಿಸೋಣವೆಂದು ಜೆ.ಪಿ. ನಗರದ ಕಡೆಯ ಒಂದು ಒಳಾಂಗಣ ಕ್ಲೈಂಬಿಂಗ್ ಗೋಡೆಗೆ ಕರೆದುಕೊಂಡು ಹೋದೆ. ಹುಡುಗ ಎರಡು ವಾರಕ್ಕೆ ಬಿಟ್ಟ, ನಾನು ಉಳಿದೆ. ಅಲ್ಲಿ ಸಿಕ್ಕವರು ಭಾನುವಾರಗಳಲ್ಲಿ ತುರಹಳ್ಳಿಗೆ, ತಿಂಗಳಿಗೊಮ್ಮೆ ರಾಮನಗರಕ್ಕೋ ಸಾವನದುರ್ಗಕ್ಕೋ ಹೋಗುತ್ತಿದ್ದರು. ಬೆಂಗಳೂರಿಗರಿಗೆ ಈ ವಿಷಯದಲ್ಲಿ ಭಾಗ್ಯವಿದೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ರಾಮನಗರದ ಗುಲಾಬಿ ಛಾಯೆಯ ಗ್ರಾನೈಟಿಗೆ ಸುಮಾರು 250 ಕೋಟಿ. ಊರಿನ ಹಳೆಯ ಹೆಸರು ಕ್ಲೋಸ್‌ಪೇಟೆ ಉಳಿದುಕೊಂಡಿರುವುದು ಆ ಕಲ್ಲಿನ ಹೆಸರಿನಲ್ಲೇ. ರಾಮದೇವರಬೆಟ್ಟವನ್ನು ಜನ 'ಶೋಲೆ' ಚಿತ್ರದಿಂದ ನೆನೆಯುತ್ತಾರೆ, ಹತ್ತುವವರು ಅಲ್ಲಿನ ರಣಹದ್ದುಗಳಿಂದ. 2012ರಲ್ಲಿ ಅದು ರಣಹದ್ದುಗಳ ಅಭಯಧಾಮವಾಯಿತು, ಹಾಗಾಗಿ ಎಲ್ಲೆಂದರಲ್ಲಿ ಹತ್ತುವಂತಿಲ್ಲ. ತುರಹಳ್ಳಿ ನಮಗೆ ಹಿತ್ತಿಲು. ಕನಕಪುರ ರಸ್ತೆಗೂ ಬನಶಂಕರಿ ಆರನೇ ಹಂತಕ್ಕೂ ನಡುವೆ ಆರುನೂರು ಎಕರೆಯ ಆಸುಪಾಸಿನ ಕಾಡು. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಲು ಹೊರಟಾಗ ಸುತ್ತಲಿನ ಜನ ಬೀದಿಗಿಳಿದು ಪ್ರತಿಭಟಿಸಿದ ಕಾಡು. ಅಲ್ಲಿನ ಬಂಡೆಗಳಿಗೆ ಹಗ್ಗ ಬೇಡ. ಆಳೆತ್ತರ, ಎರಡಾಳೆತ್ತರ ಹತ್ತುವುದು, ಬಿದ್ದರೆ ಪ್ಯಾಡಿನ ಮೇಲೆ ಬೀಳುವುದು. ಹೀಗೆ ಹತ್ತುವ ಒಂದೊಂದು ದಾರಿಯನ್ನೂ ಇವರು 'ಪ್ರಾಬ್ಲಂ' ಎನ್ನುತ್ತಾರೆ. ಅದನ್ನು ಬಿಡಿಸುವ ಉಪಾಯಕ್ಕೆ 'ಬೀಟಾ'.

ನನ್ನ ಚಟವನ್ನು ಮೊದಲು ಪತ್ತೆ ಮಾಡಿದ್ದು ಮೂಗಲ್ಲ, ಬೆರಳು. ಗುಂಪಿನಲ್ಲಿ ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರಿದ್ದಾರೆ, ಅರವತ್ತು ದಾಟಿದವರು, ಎಲ್ಲರಿಗೂ ಮೇಷ್ಟ್ರು. ಒಂದು ಡಿಸೆಂಬರ್ ಬೆಳಿಗ್ಗೆ ಸಾವನದುರ್ಗದ ಬುಡದಲ್ಲಿ ನನ್ನ ಅಂಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು, "ಎಷ್ಟು ತಣ್ಣಗಿದೆಯಪ್ಪ ಬೆರಳು. ಬರೋವಾಗ ದಾರೀಲಿ ಸೇದಿದ್ಯಾ?" ಎಂದರು. ಸೇದಿದ್ದೆ. ಮಾಗಡಿ ರಸ್ತೆಯ ಟೀ ಅಂಗಡಿಯಲ್ಲಿ ಎರಡು.

ಅವರು ಹೇಳಿದ್ದು ಊಹೆಯಲ್ಲ. ನಿಕೋಟಿನ್ ಒಳಗೆ ಹೋದ ಕೂಡಲೇ ಚರ್ಮದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಬೆರಳಿಗೆ ಹರಿಯುವ ರಕ್ತ ಕಡಿಮೆಯಾಗುತ್ತದೆ. ಇಡೀ ಮೈಭಾರವನ್ನು ಅರ್ಧ ಇಂಚಿನ ಕಲ್ಲಿನ ಅಂಚಿಗೆ ಒಪ್ಪಿಸುವವನಿಗೆ ಬೆರಳೇ ಬಂಡವಾಳ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ; ಆ ಮಟ್ಟಿಗೆ ರಕ್ತ ಸ್ನಾಯುಗಳಿಗೆ ಆಮ್ಲಜನಕ ಒಯ್ಯಲಾರದು. ಹತ್ತುವವರು 'ಪಂಪ್ ಆಯ್ತು' ಎನ್ನುವ ಸ್ಥಿತಿ ಇದೆ: ಮುಂಗೈ ಉಬ್ಬಿ ಕಲ್ಲಿನಂತಾಗಿ, ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಎಲ್ಲರಿಗಿಂತ ಬೇಗ ಪಂಪ್ ಆಗುತ್ತಿದ್ದೆ. ವಯಸ್ಸಿನ ಮೇಲೆ ಹಾಕುತ್ತಿದ್ದೆ.

"ಆದ್ರೂ ಮೇಷ್ಟ್ರೇ, ಒಂದು ಸೇದಿದ್ರೆ ಉಸಿರು ನಿರಾಳ ಆಗತ್ತೆ" ಎಂದೆ. ಆಗ ಅವರು ಜಾರ್ಜ್ ಫಿಂಚ್ ಕತೆ ಹೇಳಿದರು. 1922ರ ಎವರೆಸ್ಟ್ ದಂಡಯಾತ್ರೆಯಲ್ಲಿ ಸುಮಾರು 25,500 ಅಡಿ ಎತ್ತರದ ಗುಡಾರದಲ್ಲಿ, ಬಿರುಗಾಳಿಗೆ ಸಿಕ್ಕಿ ಕೂತಿದ್ದ ಫಿಂಚ್ ಮತ್ತು ಜೊತೆಗಾರರು ಸಿಗರೇಟು ಸೇದಿದರು. ಉಸಿರಾಟದ ಕಷ್ಟ ಅದರಿಂದ ಕಡಿಮೆಯಾಗುತ್ತದೆಂದು ಫಿಂಚ್ ನಿಜವಾಗಿಯೂ ನಂಬಿದ್ದರು; ಅವರು ಸಾಮಾನ್ಯರಲ್ಲ, ರಸಾಯನ ವಿಜ್ಞಾನಿ, ಎತ್ತರದಲ್ಲಿ ಆಮ್ಲಜನಕದ ಸಿಲಿಂಡರ್ ಬೇಕೆಂದು ಹಲವರ ವಿರೋಧ ಕಟ್ಟಿಕೊಂಡು ವಾದಿಸಿದವರು. "ಅಂಥವರಿಗೇ ಹಾಗನ್ನಿಸಿತು ಅಂದ್ರೆ ನಿಂಗೆ ಅನ್ನಿಸೋದ್ರಲ್ಲಿ ತಪ್ಪೇನಿಲ್ಲ. ಆದ್ರೆ ಒಂದು ನೋಡ್ಕೋ. ದಿನಕ್ಕೆ ನೀನು ನಿಂತು, ಸುಮ್ಮನಾಗಿ, ಎದೆ ತುಂಬ ಉಸಿರು ಎಳ್ಕೊಳ್ಳೋದು ಸಿಗರೇಟ್ ಸೇದೋವಾಗ ಮಾತ್ರ. ನಿರಾಳ ಆಗೋದು ಆ ಉಸಿರಿಂದ. ಹೊಗೆ ಅದ್ರ ಜೊತೆ ಬಿಟ್ಟಿ ಬರ್ತಾ ಇದೆ."

ಈ ಮಾತು ನನ್ನೊಳಗೆ ಒಂದು ವರ್ಷ ಕೂತಿತ್ತು.

2024ರ ಜನವರಿ 14, ಸಂಕ್ರಾಂತಿಯ ಹಿಂದಿನ ದಿನ, ಭಾನುವಾರ. ಅದು ಸಿಗರೇಟು ಬಿಡಲು ಗೊತ್ತು ಮಾಡಿದ ದಿನ. ಗೊತ್ತು ಮಾಡಿಸಿದ್ದು ಸಿಗರೇಟು ಪ್ಯಾಕಿನ ಮೇಲೇ ಅಚ್ಚಾಗಿರುವ ಸಂಖ್ಯೆ, 1800-11-2356. 2018ರ ಸೆಪ್ಟೆಂಬರಿನಿಂದ ಪ್ರತಿ ಪ್ಯಾಕಿನ ಮೇಲೂ ಇದೆ. ನಾನು ಸಾವಿರ ಸಲ ನೋಡಿದ್ದೆ, ಓದಿರಲಿಲ್ಲ. ಆ ಸಹಾಯವಾಣಿಯ ಒಂದು ಕೇಂದ್ರ ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲೇ ಇದೆ, ಬಿಟಿಎಂನ ನನ್ನ ಹಳೆಯ ಟೆರೇಸಿಗೆ ಕೆಲವೇ ಕಿಲೋಮೀಟರು. ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಎಷ್ಟು ಸೇದುತ್ತೀರಿ, ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೆಯದು ಎಂದು ಸಮಾಧಾನವಾಗಿ ಕೇಳಿ, ಬಿಡುವ ದಿನವನ್ನು ನಮ್ಮ ಬಾಯಿಂದಲೇ ಹೇಳಿಸುತ್ತಾರೆ. ಆಮೇಲೆ ತಾವೇ ಕರೆ ಮಾಡಿ ವಿಚಾರಿಸುತ್ತಾರೆ. ಯಾವ ನೆರವೂ ಇಲ್ಲದೆ ಬಿಡಲು ಹೊರಟವರಲ್ಲಿ ಆರು ತಿಂಗಳು, ವರ್ಷದ ಹೊತ್ತಿಗೆ ನಿಂತವರು ನೂರಕ್ಕೆ ಮೂರರಿಂದ ಐದು ಜನ ಎಂಬ ಲೆಕ್ಕವಿದೆ. ಹಾಗೆ ಒಂಟಿಯಾಗಿ ಹೊರಟು ಮುಗ್ಗರಿಸಿದವರಲ್ಲಿ ನಾನೂ ನಾಲ್ಕು ಸಲ ಇದ್ದೆ.

ಆ ದಿನ ಅಕ್ಕ ಒಂದು ಪೊಟ್ಟಣ ಎಳ್ಳು ಬೆಲ್ಲ ತಂದಿದ್ದರು. ಹಬ್ಬಕ್ಕೆಂದುಕೊಂಡೆ. "ಜೇಬಲ್ಲಿಟ್ಕೋ. ಸೇದಬೇಕು ಅನ್ನಿಸಿದಾಗ ಒಂದು ಚಿಟಿಕೆ ಬಾಯಿಗೆ ಹಾಕಿ ನಿಧಾನಕ್ಕೆ ಅಗಿ. ಕೊಬ್ಬರಿ ಮುಗಿಯೋ ಹೊತ್ತಿಗೆ ಅದು ಹೋಗಿರತ್ತೆ" ಎಂದರು. ತಡೆಯಲಾರೆ ಎನ್ನಿಸುವ ಆ ಆಸೆ ಬಹುಮಟ್ಟಿಗೆ ಮೂರರಿಂದ ಐದು ನಿಮಿಷದಲ್ಲಿ ಇಳಿಯುತ್ತದೆಂದು ಸಹಾಯವಾಣಿಯವರೂ ಹೇಳಿದ್ದರು. ಎಳ್ಳು ಬೆಲ್ಲ ಅದಕ್ಕೆ ಸರಿಯಾದ ಅಳತೆ.

ನಿಕೋಟಿನ್ ಗಮ್ಮನ್ನೂ ತಂದುಕೊಂಡೆ, ಎರಡು ಮಿಲಿಗ್ರಾಮಿನದು. ಇಲ್ಲೊಂದು ಮಾತು ಹೇಳಲೇಬೇಕು, ಏಕೆಂದರೆ ಬಹಳ ಜನ ಇದನ್ನು ತಪ್ಪಾಗಿ ತಿಂದು ಬೇಸತ್ತು ಬಿಡುತ್ತಾರೆ. ಅದು ಬಬಲ್‌ಗಮ್ಮಲ್ಲ. ನಾಲ್ಕಾರು ಸಲ ಅಗಿದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಒಳಗೆ ವಸಡಿಗೊತ್ತಿ ಸುಮ್ಮನಿಡಬೇಕು. ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಒಂದೇ ಸಮನೆ ಅಗಿದು ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ಹತ್ತುವಾಗ ಬಾಯಲ್ಲಿ ಇಟ್ಟುಕೊಳ್ಳಕೂಡದೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು: ಬಿದ್ದಾಗ ಗಂಟಲಿಗೆ ಸಿಕ್ಕಿಕೊಂಡರೆ? ಹಾಗಾಗಿ ಬಂಡೆಯ ಬುಡದಲ್ಲಿ ನನ್ನ ಬಾಯಿ ಖಾಲಿ ಇದೆಯೇ ಎಂದು ನೋಡುವ ಕೆಲಸ ಗುಂಪಿನ ಅತಿ ಕಿರಿಯ, ಇಂಜಿನಿಯರಿಂಗ್ ಎರಡನೇ ವರ್ಷದ ಹುಡುಗನದು. "ಅಣ್ಣಾ, ಆ ಅನ್ನಿ" ಎನ್ನುತ್ತಿದ್ದ. ಅನ್ನುತ್ತಿದ್ದೆ.

ಎರಡನೇ, ಮೂರನೇ ದಿನ ಎಲ್ಲಕ್ಕಿಂತ ಕಷ್ಟ. ನಿದ್ದೆಯಿಲ್ಲ, ತಲೆ ಭಾರ, ಕಾರಣವಿಲ್ಲದ ಕೋಪ. ಹೆಂಡತಿಯ ಮೇಲೆ ಆಡಬಾರದ ಮಾತಾಡಿದೆ. ಆ ರಾತ್ರಿ ಹತ್ತೂವರೆಗೆ ಗುಂಪಿನ ಇಬ್ಬರು ಸ್ಕೂಟರಿನಲ್ಲಿ ಬಂದು, ನನ್ನನ್ನು ರಾಗಿಗುಡ್ಡದ ಸುತ್ತ ಒಂದು ಗಂಟೆ ನಡೆಸಿದರು. ಸಿಗರೇಟಿನ ಮಾತೇ ತೆಗೆಯಲಿಲ್ಲ. ಅವರು ಇಡೀ ದಾರಿ ಮಾತಾಡಿದ್ದು ತುರಹಳ್ಳಿಯ ಒಂದು ಬಂಡೆಯಲ್ಲಿ ಎಡಗಾಲನ್ನು ಎಲ್ಲಿಡಬೇಕೆಂಬ ಬಗ್ಗೆ. ಅವರ ಸಲಹೆಗಳೆಲ್ಲ ಹೀಗೇ ಇರುತ್ತಿದ್ದವು. ಬಂಡೆಯಲ್ಲಿ ನೇತಾಡುವವನಿಗೆ ಯಾರೂ ತುದಿಯ ಬಗ್ಗೆ ಹೇಳುವುದಿಲ್ಲ. ಬಲಗೈ ಮೇಲೆ ಒಂದು ಹಿಡಿ ಇದೆ ನೋಡು, ಅಷ್ಟೇ. ಇಡೀ ಜೀವಮಾನ ಸೇದದೆ ಇರುವುದು ಹೇಗೆ ಎಂಬುದು ನನ್ನನ್ನು ನಾಲ್ಕು ಸಲ ಸೋಲಿಸಿದ ಪ್ರಶ್ನೆ. ಊಟವಾದ ಮೇಲಿನ ಐದು ನಿಮಿಷ ಹೇಗೆ ಎಂಬ ಪ್ರಶ್ನೆಗೆ ಉತ್ತರವಿತ್ತು.

ನಲವತ್ತೊಂದನೇ ದಿನ, ಫೆಬ್ರುವರಿ 23. ಬನಶಂಕರಿಯ ಕಲ್ಯಾಣ ಮಂಟಪವೊಂದರಲ್ಲಿ ಸೋದರಮಾವನ ಮೊಮ್ಮಗಳ ಮದುವೆ. ಹೋಳಿಗೆ ಊಟ, ಬಾಯಲ್ಲಿ ಬೀಡಾ, ವರ್ಷಗಳ ಮೇಲೆ ಸಿಕ್ಕ ದೊಡ್ಡಪ್ಪನ ಮಕ್ಕಳು. ಮಂಟಪದ ಹಿಂದೆ ಜನರೇಟರಿನ ಪಕ್ಕ ನಿಂತು ಒಂದು ಸೇದಿದೆ. ಆಮೇಲೆ ಇನ್ನೊಂದು. ಹುಟ್ಟುಗುಣ ಸುಟ್ಟರೂ ಹೋಗಲ್ಲ ಕಣೋ ಎಂದು ಒಬ್ಬರು ಪ್ರೀತಿಯಿಂದಲೇ ಹೇಳಿದರು. ಆ ಮಾತು ಎದೆಗೆ ಗೂಟ ಹೊಡೆದಂತಾಯಿತು. ಹಿಂದಿನ ನಾಲ್ಕು ಸಲವೂ ಹೀಗೇ ಆಗಿತ್ತು: ಒಂದು ಸೇದಿದೆ, ಮರ್ಯಾದೆ ಹೋಯಿತು, ಇನ್ನೇನು ಉಳಿಯಿತೆಂದು ಪ್ಯಾಕು ಕೊಂಡೆ.

ಭಾನುವಾರ ಹೋಗಬಾರದೆಂದುಕೊಂಡವನು ಹೋದೆ. ಅಕ್ಕ ಕೇಳಿದರು, "ಎಷ್ಟನೇ ದಿನ?"

"ಶುಕ್ರವಾರ ಎರಡು ಸೇದಿಬಿಟ್ಟೆ ಅಕ್ಕ."

ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಶೂ ಲೇಸು ಬಿಗಿಯುತ್ತಲೇ ಕೇಳಿದರು: "ಯಾವ ಹೋಲ್ಡಲ್ಲಿ ಬಿದ್ದೆ?"

ನನಗೆ ಅರ್ಥವಾಗಲಿಲ್ಲ. ಮೇಷ್ಟ್ರು ಬಿಡಿಸಿ ಕೇಳಿದರು. ಊಟಕ್ಕೆ ಮುಂಚೆಯೋ ಆಮೇಲೋ? ಜೊತೆಗೆ ಯಾರಿದ್ದರು? ಕೈಯಲ್ಲಿ ಏನಿತ್ತು? ಬೀಡಾ ಹಾಕಿಕೊಂಡ ಮೇಲೆ ಆಯಿತೋ? ಹುಡುಗನೂ ಬಂದು ಕುಕ್ಕುರುಗಾಲಲ್ಲಿ ಕೂತ. ಬಿದ್ದ ಪ್ರಾಬ್ಲಂನ ಬುಡದಲ್ಲಿ ಕೂತು ಬೆರಳು ತೋರಿಸಿ ಚರ್ಚಿಸುವಂತೆಯೇ ನನ್ನ ಮದುವೆ ಮನೆಯ ಮಧ್ಯಾಹ್ನವನ್ನು ಬಿಡಿಸಿ ನೋಡಿದರು. ಊಟದ ಪಂಕ್ತಿಯವರೆಗೂ ನಾನು ಗಟ್ಟಿಯಾಗಿದ್ದೆ. ಬೀಡಾ ಬಾಯಿಗೆ ಬಿದ್ದ ಕ್ಷಣದಿಂದ ಕೈ ಜಾರಲು ಶುರು. ಎಳ್ಳು ಬೆಲ್ಲದ ಪೊಟ್ಟಣ ಪ್ಯಾಂಟಿನಲ್ಲಿ ಉಳಿದು, ನಾನು ಪಂಚೆಯಲ್ಲಿದ್ದೆ. "ಹಂಗಾದ್ರೆ ಮುಂದಿನ ಮದುವೇಲಿ ಬೀಡಾ ಬೇಡ, ಊಟ ಆದ ತಕ್ಷಣ ಕೈ ತೊಳೆದು ಮಂಟಪದ ಮುಂಬಾಗಿಲಿಂದ ಆಚೆ ಬಾ, ನಂಗೆ ಫೋನ್ ಮಾಡು. ಹಿಂಬಾಗಿಲಿಗೆ ಹೋಗ್ಬೇಡ" ಎಂದರು ಅಕ್ಕ. ಅದು ಬೀಟಾ.

ಇಲ್ಲಿ ಬೀಳುವುದು ಯಾರಿಗೂ ಸುದ್ದಿಯಲ್ಲ. ಒಂದು ಬೆಳಿಗ್ಗೆ ಒಬ್ಬೊಬ್ಬರೂ ಇಪ್ಪತ್ತು, ಮೂವತ್ತು ಸಲ ಬೀಳುತ್ತೇವೆ. ಬಿದ್ದವನು ಚಾಕ್ ಪುಡಿ ಉಜ್ಜಿಕೊಂಡು, ಬೆರಳಿಗೆ ಊದಿಕೊಂಡು, ಐದು ನಿಮಿಷ ಕೂತು, ಮತ್ತೆ ಏಳುತ್ತಾನೆ. ಹಿಂದೆ ಹತ್ತಿದ್ದ ನಾಲ್ಕು ಹಿಡಿಗಳು ಬಿದ್ದುದರಿಂದ ಅಳಿಸಿಹೋಗುವುದಿಲ್ಲ. ಕೈಗೆ ಅವು ಗೊತ್ತಾಗಿರುತ್ತವೆ. ನಲವತ್ತು ದಿನವೂ ಹಾಗೇ ನನ್ನವೇ ಆಗಿ ಉಳಿದವು. ಊರಿನಲ್ಲಿ, ಮನೆಯಲ್ಲಿ, ಆಸ್ಪತ್ರೆಯ ಭಿತ್ತಿಚಿತ್ರಗಳಲ್ಲಿ ಚಟಕ್ಕೆ ಮರಳಿ ಬೀಳುವುದೆಂದರೆ ಸೋಲು, ನಾಚಿಕೆ. ನಾಚಿಕೆಯಾದವನು ಬಚ್ಚಿಟ್ಟುಕೊಳ್ಳುತ್ತಾನೆ, ಬಚ್ಚಿಟ್ಟುಕೊಂಡವನು ಸೇದುತ್ತಾನೆ. ಗುಂಪಿನ ಜೊತೆ ಬಿಡುವವರು ಪುಸ್ತಕ ಓದಿಕೊಂಡು ಒಬ್ಬರೇ ಬಿಡುವವರಿಗಿಂತ ಹೆಚ್ಚು ಮಂದಿ ಗೆಲ್ಲುತ್ತಾರೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಆದರೆ ಎಂಥ ಗುಂಪು? ಬಿದ್ದವನಿಗೆ ಪ್ಯಾಡು ಹಾಸಿಟ್ಟಿರುವ ಗುಂಪು ಎಂದು ನಾನು ಸೇರಿಸುತ್ತೇನೆ.

ಆ ದಿನದಿಂದ ಇಂದಿನವರೆಗೆ ಸೇದಿಲ್ಲ. ಗಮ್ಮು ಏಪ್ರಿಲ್ ಹೊತ್ತಿಗೆ ನಿಂತಿತು.

ಬಂಡೆ ಹತ್ತುವವರೆಲ್ಲ ಸೇದದ ಸಂತರು ಎಂದು ಯಾರೂ ತಿಳಿಯಬಾರದು. ರಾಮನಗರದಲ್ಲಿ ಹಗ್ಗ ಸುತ್ತಿಟ್ಟ ಕೂಡಲೇ ಹಚ್ಚುವವರಿದ್ದಾರೆ. ಇತ್ತೀಚೆಗೆ ಹುಡುಗರ ಬ್ಯಾಗಿನಲ್ಲಿ ವೇಪ್ ಕಾಣುತ್ತದೆ. ಇ-ಸಿಗರೇಟನ್ನು ಕರ್ನಾಟಕ 2016ರಲ್ಲೂ ಕೇಂದ್ರ 2019ರಲ್ಲೂ ನಿಷೇಧಿಸಿದ್ದರೂ ಅದು ಎಲ್ಲಿಂದಲೋ ಬರುತ್ತದೆ. ಹೊಗೆ ವಾಸನೆಯಿಲ್ಲ, ಹಣ್ಣಿನ ಘಮ, ಹಾಗಾಗಿ ಅದು ಚಟವೆಂದೇ ಅವರಿಗೆ ಅನ್ನಿಸುವುದಿಲ್ಲ. ನಿಕೋಟಿನ್ ಅದೇ, ಬೆರಳು ತಣ್ಣಗಾಗುವುದೂ ಹಾಗೇ. ಆ ಹುಡುಗರನ್ನು ಬೈದು ಪ್ರಯೋಜನವಿಲ್ಲ. ನನಗೆ ಅವರ ಬಗ್ಗೆ ನಿಜವಾಗಿ ಭಯವಿದೆ.

ಇನ್ನೊಂದು ಭಯ ಕಾಡಿನದು. ಫೆಬ್ರುವರಿ ದಾಟಿದರೆ ತುರಹಳ್ಳಿಯ ಹುಲ್ಲು ಒಣಗಿ ಗರಿಗರಿಯಾಗಿರುತ್ತದೆ. ಎಸೆದ ಒಂದು ತುಂಡು ಸಾಕು. ಆರಿದ ತುಂಡಿನ ಫಿಲ್ಟರೂ ಹತ್ತಿಯಲ್ಲ, ಪ್ಲಾಸ್ಟಿಕ್ಕಿನ ಎಳೆ. ಮಣ್ಣಲ್ಲಿ ವರ್ಷಗಟ್ಟಲೆ ಇರುತ್ತದೆ. ನಾವು ಹತ್ತುವ ಮುಂಚೆ ಹತ್ತು ನಿಮಿಷ ಬಂಡೆಯ ಸುತ್ತ ಬಗ್ಗಿ ತುಂಡುಗಳನ್ನು ಆಯುತ್ತೇವೆ. ಅವುಗಳಲ್ಲಿ ನನ್ನವೂ ಇದ್ದಿರಬೇಕು.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಹೊಗೆಯಿಲ್ಲದ್ದನ್ನು, ಅಂದರೆ ಅಗಿಯುವುದನ್ನು ಬಳಸುವವರೇ ಹೆಚ್ಚು. ಕಟ್ಟಡ ಕೆಲಸದವರು, ಪೌರಕಾರ್ಮಿಕರು, ಆಟೋ ಓಡಿಸುವವರು. ಅವರಿಗೆ ಭಾನುವಾರದ ಬಂಡೆಯಿಲ್ಲ. ಆದರೆ ಆಟೋ ಸ್ಟ್ಯಾಂಡಿದೆ, ಸಂಘವಿದೆ, ಭಜನೆಯ ಮೇಳವಿದೆ. ಎಷ್ಟನೇ ದಿನ ಎಂದು ಕೇಳಲು, ಬಿದ್ದಾಗ ಯಾವ ಹಿಡಿಯಲ್ಲಿ ಎಂದು ವಿಚಾರಿಸಲು ಬಂಡೆಯೇ ಬೇಕಿಲ್ಲ.

ಅಕ್ಕ ಇದನ್ನೆಲ್ಲ ಎಲ್ಲಿ ಕಲಿತರೆಂದು ನಾನು ಕೇಳಿದ್ದು ಒಂದು ವರ್ಷವಾದ ಮೇಲೆ. ಅವರ ತಂದೆ ಹೊಗೆಸೊಪ್ಪು ಅಗಿಯುತ್ತಿದ್ದರಂತೆ. ಕೊನೆಯ ಎಂಟು ತಿಂಗಳು ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಓಡಾಡಿದ್ದು ಅಕ್ಕನೇ. "ಅಪ್ಪ ಬಿಟ್ಟು ಬಿಟ್ಟು ಮತ್ತೆ ಶುರು ಮಾಡೋರು. ಪ್ರತಿ ಸಲಾನೂ ನಾವೆಲ್ಲ ಬೈತಿದ್ವಿ. ನಾನೂ ಬೈತಿದ್ದೆ" ಎಂದರು. ಇಡೀ ವರ್ಷ ಒಮ್ಮೆಯೂ ಆ ಕತೆಯನ್ನು ನನ್ನ ಮೇಲೆ ಬೀಸಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಮತ್ತೆ ಸಾವನದುರ್ಗ. ಮಂಜು, ಥಂಡಿ. ಬುಡದಲ್ಲಿ ಹಗ್ಗ ಬಿಚ್ಚುತ್ತಿದ್ದಾಗ ಮೇಷ್ಟ್ರು ಬಂದು ನನ್ನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, "ಹೂಂ" ಎಂದು ಬಿಟ್ಟರು. ಆಮೇಲೆ ಪಕ್ಕದಲ್ಲಿ ನಿಂತಿದ್ದ ಹೊಸ ಹುಡುಗನ ಕೈಗೆ ಕೈ ಚಾಚಿದರು.